ಅತಿಶ್ರಮ ಮತ್ತು ದೇಹಾರೋಗ್ಯ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಬ್ಬು ಕಟಾವು ಹಂಗಾಮಿನ ಹಿನ್ನೆಲೆಯಲ್ಲಿ ಒಂದು ಅವಲೋಕನ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳು ಘಟಪ್ರಭಾ, ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳ ಆಸರೆಯಲ್ಲಿ ಬೆಳೆದುಬಂದ ಪ್ರದೇಶವಾಗಿರುತ್ತವೆ. ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯ ಹಾಗೂ ಧೂಪದಾಳದಿಂದ ಹೊರಡುವ ಕಾಲುವೆಯ ನೀರು ಈ ಭಾಗದ ಕೃಷಿಯ ಸ್ವರೂಪವನ್ನೇ ಬದಲಿಸಿದ್ದು, ಇಂದು ಕಬ್ಬು ಇಲ್ಲಿಯ ಪ್ರಧಾನ ಬೆಳೆಯಾಗಿದೆ. ಸಂಕೇಶ್ವರ, ಬೆಲ್ಲದ ಬಾಗೇವಾಡಿ, ಕೊಳವಿ, ಹುಣಶ್ಯಾಳ ಪಿ.ಜಿ. ಮುಂತಾದ ಸ್ಥಳಗಳ ಸಕ್ಕರೆ ಕಾರ್ಖಾನೆಗಳು ಅಕ್ಟೋಬರ್–ನವೆಂಬರ್ ತಿಂಗಳಿನಿಂದ ಮಾರ್ಚ್ ಹೊತ್ತಿನವರೆಗೆ ಕಬ್ಬು ಅರೆಯುತ್ತವೆ. ಈ ಅವಧಿಯಲ್ಲಿ ಸ್ಥಳೀಯ ಕೂಲಿಕಾರರಲ್ಲದೆ ವಿಜಯಪುರ ಮುಂತಾದ ಜಿಲ್ಲೆಗಳಿಂದಲೂ, ಮಹಾರಾಷ್ಟ್ರದ ಬೀಡ್ ಭಾಗದಿಂದಲೂ ಕಟಾವು ತಂಡಗಳು ಸಂಸಾರ ಸಮೇತ ಬಂದು ಹೊಲದಂಚಿನ ಗುಡಿಸಲುಗಳಲ್ಲಿ ತಂಗುತ್ತವೆ.

2025ರ ಅಕ್ಟೋಬರ್ ಅಂತ್ಯದಿಂದ ನವೆಂಬರ್ ಮೊದಲ ವಾರದವರೆಗೆ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ನಡೆಸಿದ ಧರಣಿಯು ಇಡೀ ನಾಡಿನ ಗಮನ ಸೆಳೆದದ್ದು ಓದುಗರಿಗೆ ತಿಳಿದಿದೆ. ಟನ್ನಿಗೆ 3,500 ರೂಪಾಯಿ ದರ ಬೇಕೆಂಬುದು ಬೆಳೆಗಾರರ ಬೇಡಿಕೆಯಾಗಿದ್ದು, ಮಾತುಕತೆಯ ನಂತರ ರಾಜ್ಯ ಸರ್ಕಾರವು 3,300 ರೂಪಾಯಿಗಳನ್ನು ಪ್ರಕಟಿಸಿತು. ಆ ದಿನಗಳಲ್ಲಿ ಇಳುವರಿ ಪ್ರಮಾಣ, ತೂಕ, ಕೇಂದ್ರದ ನ್ಯಾಯಸಮ್ಮತ ಬೆಲೆ, ಕಟಾವು ಮತ್ತು ಸಾಗಣೆ ವೆಚ್ಚ ಈ ಎಲ್ಲವುಗಳ ಬಗ್ಗೆ ವಿಸ್ತಾರವಾದ ಚರ್ಚೆ ನಡೆಯಿತು. ಆದರೆ ಕಟಾವು ವೆಚ್ಚ ಎಂದು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಾಗಿ ಬರುವ ಮೊತ್ತದ ಹಿಂದೆ ಮನುಷ್ಯರ ದೇಹವಿದೆ ಎಂಬ ಅಂಶವು ಅಷ್ಟಾಗಿ ಪ್ರಸ್ತಾಪಕ್ಕೆ ಬರಲಿಲ್ಲ. ಪ್ರಸ್ತುತ ಲೇಖನದ ಉದ್ದೇಶ ಆ ದೇಹಕ್ಕೆ ಸಂಬಂಧಿಸಿದ್ದಾಗಿದೆ.

ಶ್ರಮವು ದೇಹದೊಳಗೆ ಮಾಡುವ ಕೆಲಸ

ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚೇನೂ ಹೊರಗಿನ ಕೆಲಸವಾಗಿ ಪರಿಣಮಿಸುವುದಿಲ್ಲ. ಉಳಿದ ಮುಕ್ಕಾಲು ಭಾಗವು ಶಾಖವಾಗಿ ದೇಹದಲ್ಲಿಯೇ ಉಳಿಯುತ್ತದೆ. ಈ ಶಾಖವನ್ನು ಹೊರಹಾಕಲು ದೇಹಕ್ಕಿರುವ ಮುಖ್ಯ ಉಪಾಯವೆಂದರೆ ಬೆವರು. ಬಿಸಿಲಿನಲ್ಲಿ ಭಾರೀ ಕೆಲಸ ಮಾಡುವವನು ಗಂಟೆಗೆ ಒಂದರಿಂದ ಒಂದೂವರೆ ಲೀಟರಿನವರೆಗೆ ಬೆವರು ಸುರಿಸಬಲ್ಲನು. ಬೆವರು ಆರಿದರೆ ಮಾತ್ರ ದೇಹ ತಂಪಾಗುತ್ತದೆಯೇ ಹೊರತು ತೊಟ್ಟಿಕ್ಕಿದರೆ ಅಲ್ಲ. ಎತ್ತರಕ್ಕೆ ಬೆಳೆದು ಒತ್ತಾಗಿ ನಿಂತ ಕಬ್ಬಿನ ಗದ್ದೆಯೊಳಗೆ ಗಾಳಿ ಸುಳಿಯುವುದಿಲ್ಲ, ನೀರುಂಡ ನೆಲದಿಂದ ಆವಿ ಏಳುತ್ತಿರುತ್ತದೆ, ರವದಿಯ ಗರಿ ಮೈ ಕೊಯ್ಯದಿರಲೆಂದು ಕೂಲಿಕಾರರು ತುಂಬುತೋಳಿನ ದಪ್ಪ ಅಂಗಿ ತೊಟ್ಟು ತಲೆಗೆ ಬಟ್ಟೆ ಸುತ್ತಿರುತ್ತಾರೆ. ಬೆವರು ಆರಲು ಇವೆಲ್ಲವೂ ಅಡ್ಡಿ. ಈ ಕಾರಣದಿಂದ ಗದ್ದೆಯ ಬದುವಿನ ಮೇಲೆ ನಿಂತವನಿಗೆ ಹಿತವೆನಿಸುವ ಡಿಸೆಂಬರ್ ತಿಂಗಳ ಬಿಸಿಲು, ಗದ್ದೆಯೊಳಗೆ ಕುಡುಗೋಲು ಬೀಸುವವನಿಗೆ ಬೇರೆಯೇ ಆಗಿರುತ್ತದೆ.

ಅಂತರರಾಷ್ಟ್ರೀಯ ಮಾನದಂಡಗಳು ಕೇವಲ ನೆರಳಿನ ಉಷ್ಣತೆಯನ್ನು ನೋಡದೆ, ಆರ್ದ್ರತೆ, ಗಾಳಿ ಮತ್ತು ಬಿಸಿಲಿನ ಝಳವನ್ನು ಒಟ್ಟುಗೂಡಿಸಿದ ಸೂಚ್ಯಂಕವನ್ನು ಬಳಸುತ್ತವೆ. ಭಾರೀ ದೈಹಿಕ ಕೆಲಸಕ್ಕೆ, ಬಿಸಿಲಿಗೆ ಒಗ್ಗಿದ ಆರೋಗ್ಯವಂತರಲ್ಲಿಯೂ, ಈ ಸೂಚ್ಯಂಕದ ಮಿತಿ ಸುಮಾರು 26 ಡಿಗ್ರಿ. ಅದನ್ನು ಮೀರಿದಾಗ ಕೆಲಸದ ನಡುವೆ ವಿಶ್ರಾಂತಿಯನ್ನು ಸೇರಿಸಲೇಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಹವಾಮಾನ ಸಂಸ್ಥೆಗಳು 2025ರ ಆಗಸ್ಟ್ ತಿಂಗಳಲ್ಲಿ ಜಂಟಿಯಾಗಿ ಹೊರತಂದ ವರದಿಯ ಪ್ರಕಾರ, ಇದೇ ಸೂಚ್ಯಂಕವು 20 ಡಿಗ್ರಿ ದಾಟಿದ ಮೇಲೆ ಪ್ರತಿ ಒಂದು ಡಿಗ್ರಿ ಏರಿಕೆಗೆ ಕೆಲಸದ ಸಾಮರ್ಥ್ಯವು ಶೇಕಡಾ 2ರಿಂದ 3ರಷ್ಟು ಕುಸಿಯುತ್ತದೆ. ಫೆಬ್ರವರಿ ಕಳೆದು ಬಿಸಿಲು ಬಲಿಯುವ ವೇಳೆಗೆ ಹಂಗಾಮಿನ ಕೊನೆಯ ಕಬ್ಬು ಇನ್ನೂ ಗದ್ದೆಯಲ್ಲಿ ನಿಂತಿರುತ್ತದೆ. ಕಾರ್ಖಾನೆ ನಿಲ್ಲುವ ಮುನ್ನ ಮುಗಿಸಬೇಕೆಂಬ ಅವಸರವೂ ಆಗಲೇ ಹೆಚ್ಚು.

ಕಬ್ಬನ್ನು ಬುಡದಲ್ಲಿ ಕಡಿಯಲು ದಿನವಿಡೀ ನಡು ಬಾಗಿಸಬೇಕು. ಕಡಿದದ್ದನ್ನು ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಟ್ರ್ಯಾಕ್ಟರಿನ ಟ್ರೇಲರಿಗೆ ಒರಗಿಸಿದ ಕಿರಿದಾದ ಹಲಗೆಯ ಮೇಲೆ ಏರಿ ಪೇರಿಸಬೇಕು. ಲಾರಿ ಅಥವಾ ಟ್ರ್ಯಾಕ್ಟರ್ ರಾತ್ರಿ ಬಂದರೆ ರಾತ್ರಿಯೇ ತುಂಬಬೇಕು. ನಿದ್ರೆ ಕಡಿಮೆಯಾದ ದೇಹವು ಮರುದಿನದ ಬಿಸಿಲನ್ನು ತಾಳುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ.

ಲಕ್ಷಣಗಳು ಮತ್ತು ಅವುಗಳ ಅರ್ಥ

ಅತಿಶ್ರಮದ ತೊಂದರೆ ಒಮ್ಮೆಲೇ ಬರುವುದು ವಿರಳ. ಮೊದಲು ತೊಡೆ, ಮೀನಖಂಡ ಅಥವಾ ಹೊಟ್ಟೆಯ ಸ್ನಾಯುಗಳು ಸೆಟೆದು ನೋಯುತ್ತವೆ. ಬಳಿಕ ತಲೆನೋವು, ತಲೆಸುತ್ತು, ವಾಕರಿಕೆ, ವಿಪರೀತ ಬೆವರು, ಎದೆಬಡಿತದ ವೇಗ ಮತ್ತು ನಿಲ್ಲಲಾಗದ ನಿತ್ರಾಣ ಕಾಣಿಸಿಕೊಳ್ಳುತ್ತದೆ. ಈ ಹಂತದಲ್ಲಿ ನೆರಳಿಗೆ ಬಂದು, ಕಾಲನ್ನು ತುಸು ಎತ್ತರಿಸಿ ಮಲಗಿ, ಉಪ್ಪು ಬೆರೆತ ದ್ರವವನ್ನು ಕುಡಿದರೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಆದರೆ ಅದೇ ದಿನ ಮತ್ತೆ ಕೆಲಸಕ್ಕೆ ಇಳಿಯುವುದು ತರವಲ್ಲ.

ಮಾತು ತೊದಲುವುದು, ದಿಕ್ಕು ತೋಚದಂತಾಗುವುದು, ವಿನಾಕಾರಣ ಸಿಡುಕುವುದು, ಅಡ್ಡಾದಿಡ್ಡಿ ನಡೆಯುವುದು, ಪ್ರಜ್ಞೆ ತಪ್ಪುವುದು — ಇವು ಉಷ್ಣಾಘಾತದ ಚಿಹ್ನೆಗಳು. ದೇಹದೊಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಉಷ್ಣಾಘಾತವಾದವನ ಚರ್ಮ ಒಣಗಿರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ, ದುಡಿಯುತ್ತಿರುವಾಗಲೇ ಕುಸಿದವರಲ್ಲಿ ಮೈಯೆಲ್ಲಾ ಬೆವರಿನಿಂದ ತೊಯ್ದಿರುವುದೇ ಸಾಮಾನ್ಯ. ಬೆವರು ಇದೆಯಾದ್ದರಿಂದ ಭಯವಿಲ್ಲವೆಂದು ಸುಮ್ಮನಿರುವುದು ಪ್ರಾಣಕ್ಕೆ ಎರವಾಗಬಹುದು. ಇಂತಹವರನ್ನು ಆಸ್ಪತ್ರೆಗೆ ಸಾಗಿಸುವ ಮೊದಲೇ ತಂಪುಗೊಳಿಸಲು ಆರಂಭಿಸಬೇಕು. ಬಟ್ಟೆ ಸಡಿಲಿಸಿ, ಪಂಪ್‌ಸೆಟ್ಟಿನ ನೀರು ಹತ್ತಿರವಿದ್ದರೆ ಧಾರಾಳವಾಗಿ ಮೈಮೇಲೆ ಸುರಿದು, ಗಾಳಿ ಬೀಸಿ, ಕತ್ತು, ಕಂಕುಳು, ತೊಡೆಸಂದುಗಳಿಗೆ ಒದ್ದೆ ಬಟ್ಟೆ ಇಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ಇದು ಜ್ವರವಲ್ಲ. 108 ಸಂಖ್ಯೆಗೆ ಕರೆ ಮಾಡಿ ವಾಹನ ಬರುವವರೆಗೂ ತಂಪುಗೊಳಿಸುವಿಕೆ ನಡೆಯುತ್ತಲೇ ಇರಬೇಕು.

ಇನ್ನೊಂದು ಲಕ್ಷಣವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಮಿತಿಮೀರಿದ ದುಡಿಮೆಯಿಂದ ಸ್ನಾಯುಗಳ ಜೀವಕೋಶಗಳು ಒಡೆದಾಗ ಅವುಗಳೊಳಗಿನ ಮಯೋಗ್ಲೋಬಿನ್ ಎಂಬ ಕೆಂಪು ವರ್ಣದ ಪದಾರ್ಥವು ರಕ್ತಕ್ಕೆ ಸೇರಿ, ಮೂತ್ರಪಿಂಡದ ಸೂಕ್ಷ್ಮ ನಾಳಗಳಿಗೆ ಹಾನಿ ಮಾಡುತ್ತದೆ. ಆಗ ಮೂತ್ರವು ಕಪ್ಪು ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಸ್ನಾಯುಗಳು ಊದಿಕೊಂಡು ಮುಟ್ಟಲಾಗದಷ್ಟು ನೋಯುತ್ತವೆ. ಇದನ್ನು ‘ಉಷ್ಣ ಆಗೇದ’ ಎಂದು ತಳ್ಳಿಹಾಕುವುದು ರೂಢಿಯಲ್ಲಿದೆ. ಸಕಾಲದಲ್ಲಿ ರಕ್ತನಾಳದ ಮೂಲಕ ದ್ರವ ನೀಡಿದರೆ ಮೂತ್ರಪಿಂಡ ಉಳಿಯುತ್ತದೆ, ತಡವಾದರೆ ಡಯಾಲಿಸಿಸ್ ಬೇಕಾಗಬಹುದು. ಬಣ್ಣ ಬದಲಾದ ದಿನವೇ ಆಸ್ಪತ್ರೆಗೆ ಬರತಕ್ಕದ್ದು.

ಮೂತ್ರಪಿಂಡ: ಹೊರದೇಶದ ಪಾಠ

ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಮತ್ತು ನಿಕರಾಗುವಾ ದೇಶಗಳ ಪೆಸಿಫಿಕ್ ಕರಾವಳಿಯ ಕಬ್ಬಿನ ಬಯಲುಗಳಲ್ಲಿ ಯುವ ಕಟಾವುಗಾರರು ಮೂತ್ರಪಿಂಡ ವೈಫಲ್ಯದಿಂದ ಸಾಯುತ್ತಿರುವುದು ಸುಮಾರು ಎರಡು ದಶಕಗಳಿಂದ ವೈದ್ಯಲೋಕದ ಗಮನದಲ್ಲಿದೆ. ಇವರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇರಲಿಲ್ಲ. ಆ ಭಾಗದಲ್ಲಿ ಈ ಕಾಯಿಲೆಗೆ ಬಲಿಯಾದವರ ಸಂಖ್ಯೆಯನ್ನು 20 ಸಾವಿರವೆಂದು ಅಂದಾಜಿಸಲಾಗಿದೆ. ಕೀಟನಾಶಕ, ನೀರಿನಲ್ಲಿನ ಲೋಹಾಂಶ ಮುಂತಾದ ಶಂಕೆಗಳ ಚರ್ಚೆ ಇಂದಿಗೂ ಮುಗಿದಿಲ್ಲವಾದರೂ, ದಿನವೂ ಬಿಸಿಲಿನಲ್ಲಿ ನೀರಿಲ್ಲದೆ ದುಡಿದು ಮೂತ್ರಪಿಂಡವು ಮತ್ತೆ ಮತ್ತೆ ಪೆಟ್ಟು ತಿನ್ನುವುದು ಪ್ರಮುಖ ಕಾರಣವೆಂಬ ಅಭಿಪ್ರಾಯ ಬಲವಾಗಿದೆ. ನಮ್ಮ ನೆರೆಯ ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದ ಮೂತ್ರಪಿಂಡ ರೋಗವೂ ಇಂತಹುದೇ ಒಗಟಾಗಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2024ರ ವರದಿಯು ಕೆಲಸದ ಸ್ಥಳದ ಉಷ್ಣತೆಯಿಂದಾಗಿ ದೀರ್ಘಕಾಲೀನ ಮೂತ್ರಪಿಂಡ ರೋಗಕ್ಕೆ ಗುರಿಯಾದವರು ಜಗತ್ತಿನಲ್ಲಿ 2.62 ಕೋಟಿ ಮಂದಿ ಎಂದು ಲೆಕ್ಕ ಹಾಕಿದೆ.

ಘಟಪ್ರಭಾ ತೀರದ ಕಟಾವುಗಾರರಲ್ಲಿಯೂ ಅದೇ ಕಾಯಿಲೆ ಇದೆಯೆಂದು ಇದರಿಂದ ತೀರ್ಮಾನಿಸಲಾಗದು. ಇಲ್ಲಿಯ ಹಂಗಾಮಿನ ಮೊದಲರ್ಧ ಚಳಿಗಾಲವಾಗಿರುತ್ತದೆ, ಅಲ್ಲಿಯ ಹವೆ ಬೇರೆ. ಆದರೆ ಈ ರೋಗವು ಮೂತ್ರಪಿಂಡದ ಬಹುಪಾಲು ಶಕ್ತಿ ಕುಂದುವವರೆಗೆ ಯಾವ ನೋವನ್ನೂ ತೋರದು. ಆರು ತಿಂಗಳು ಒಂದು ಜಿಲ್ಲೆಯಲ್ಲಿ ದುಡಿದು ಉಳಿದ ಆರು ತಿಂಗಳು ಮತ್ತೊಂದು ರಾಜ್ಯದ ಹಳ್ಳಿಯಲ್ಲಿ ಇರುವವನ ಕಾಯಿಲೆಯು ಯಾವ ಆಸ್ಪತ್ರೆಯ ದಾಖಲೆಯಲ್ಲಿಯೂ ‘ಕಬ್ಬು ಕಟಾವುಗಾರ’ ಎಂಬ ಹೆಸರಿನಲ್ಲಿ ಬರುವುದಿಲ್ಲ. ಹೀಗಿರುವಾಗ ಹಂಗಾಮಿನ ಆರಂಭದಲ್ಲೊಮ್ಮೆ, ಅಂತ್ಯದಲ್ಲೊಮ್ಮೆ ರಕ್ತದ ಕ್ರಿಯೇಟಿನಿನ್ ಹಾಗೂ ಮೂತ್ರದ ಸರಳ ಪರೀಕ್ಷೆ ನಡೆಸುವುದೊಂದೇ ನಿಜಸ್ಥಿತಿಯನ್ನು ತಿಳಿಯುವ ಮಾರ್ಗ. ಇವು ದುಬಾರಿ ಪರೀಕ್ಷೆಗಳಲ್ಲ.

ನೋವಿನ ಮಾತ್ರೆಯ ಪ್ರಶ್ನೆ ಇದಕ್ಕೆ ಹೊಂದಿಕೊಂಡಿದೆ. ನಡುನೋವು, ಭುಜನೋವುಗಳಿಗೆ ಕಿರಾಣಿ ಅಂಗಡಿಯಿಂದಲೋ ಔಷಧ ಅಂಗಡಿಯಿಂದಲೋ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆ ತಂದು ನುಂಗಿ ಕೆಲಸಕ್ಕೆ ಹೊರಡುವುದು ದುಡಿಯುವ ವರ್ಗದಲ್ಲಿ ಸರ್ವೇಸಾಮಾನ್ಯ. ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡವು ತನ್ನ ರಕ್ತಪೂರೈಕೆಯನ್ನು ಕಾಪಾಡಿಕೊಳ್ಳುವ ವ್ಯವಸ್ಥೆಯನ್ನೇ ಈ ಮಾತ್ರೆಗಳು ತಡೆಹಿಡಿಯುತ್ತವೆ. ನೆರಳಿನಲ್ಲಿ ಕುಳಿತವನಿಗೆ ಹೆಚ್ಚು ತೊಂದರೆ ಮಾಡದ ಮಾತ್ರೆ ಬೆವರು ಸುರಿಸುವವನಿಗೆ ವಿಷಪ್ರಾಯವಾಗಬಹುದು. ನೋವು ಅಡಗಿದ್ದರಿಂದ ದೇಹದ ಎಚ್ಚರಿಕೆಯ ಗಂಟೆಯೂ ನಿಂತುಹೋಗುತ್ತದೆ. ಮದ್ಯದ ಬಗ್ಗೆಯೂ ಇದೇ ಮಾತು ಹೇಳಬಹುದು. ರಾತ್ರಿಯ ಮದ್ಯವು ಬೆಳಗಿನ ಹೊತ್ತಿಗೆ ದೇಹವನ್ನು ಒಣಗಿಸಿರುತ್ತದೆ.

ಮಹಿಳೆಯರು

ಕಟಾವಿನ ಕೂಲಿಯ ಲೆಕ್ಕದಲ್ಲಿ ಗಂಡಹೆಂಡತಿ ಸೇರಿ ಒಂದು ಘಟಕ. ಮುಂಗಡ ಹಣವನ್ನು ಪಡೆದಿರುವುದು ಸಾಮಾನ್ಯವಾಗಿ ಗಂಡ, ತೀರಿಸಬೇಕಾದದ್ದು ಇಬ್ಬರ ದೇಹ. ಗುಡಿಸಲುಗಳ ಬಳಿ ಶೌಚಾಲಯವಿಲ್ಲದಿರುವುದರಿಂದ ಹೆಣ್ಣುಮಕ್ಕಳು ಹಗಲಿನಲ್ಲಿ ನೀರು ಕುಡಿಯುವುದನ್ನೇ ಬಿಡುತ್ತಾರೆ. ಹೆಚ್ಚು ನೀರು ಕುಡಿಯಿರಿ ಎಂಬ ಆರೋಗ್ಯ ಸಲಹೆಯು ಶೌಚಾಲಯವಿಲ್ಲದ ಕಡೆ ಪಾಲಿಸಲಾಗದ ಸಲಹೆಯೆಂಬುದನ್ನು ಸಲಹೆ ನೀಡುವವರು ಗಮನದಲ್ಲಿಡಬೇಕಾಗಿದೆ. ಮೂತ್ರನಾಳದ ಸೋಂಕು ಪದೇ ಪದೇ ಮರುಕಳಿಸುವುದು ಇದರ ನೇರ ಫಲ. ಹೆರಿಗೆಯಾದ ಕೆಲವೇ ವಾರಗಳಲ್ಲಿ ಭಾರ ಹೊರುವುದರಿಂದ ಗರ್ಭಕೋಶ ಜಾರುವ ತೊಂದರೆಯೂ ಉಂಟಾಗಬಹುದು.

ಬೀಡ್ ಜಿಲ್ಲೆಯ ಪ್ರಕರಣ ಇಲ್ಲಿ ಉಲ್ಲೇಖನೀಯ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿಯು ಆ ಜಿಲ್ಲೆಯ 82 ಸಾವಿರಕ್ಕೂ ಹೆಚ್ಚು ಕಟಾವು ಮಹಿಳೆಯರ ಸಮೀಕ್ಷೆ ನಡೆಸಿದಾಗ, 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶವನ್ನು ತೆಗೆಸಿಕೊಂಡಿದ್ದುದು ಬೆಳಕಿಗೆ ಬಂದಿತು. ಮುಟ್ಟಿನ ದಿನಗಳಲ್ಲಿ ಕೆಲಸ ತಪ್ಪಿದರೆ ದಂಡ ತೆರಬೇಕಾಗಿದ್ದುದು, ಬಿಳಿಸೆರಗು, ಹೊಟ್ಟೆನೋವುಗಳಿಗೆ ಸರಳ ಚಿಕಿತ್ಸೆ ಸಿಗದಿದ್ದುದು ಇದಕ್ಕೆ ಕಾರಣಗಳೆಂದು ಆಗ ಚರ್ಚೆಯಾಯಿತು. ಆ ಜಿಲ್ಲೆಯ ತಂಡಗಳು ಗಡಿ ದಾಟಿ ನಮ್ಮ ಹೊಲಗಳಿಗೂ ಬರುತ್ತವೆಯಾದ್ದರಿಂದ, ಇದನ್ನು ನೆರೆರಾಜ್ಯದ ಸುದ್ದಿಯೆಂದು ಬದಿಗಿಡುವಂತಿಲ್ಲ.

ಇತರ ದುಡಿಮೆಗಳು, ಇತರ ಸಂದರ್ಭಗಳು

ಅತಿಶ್ರಮವು ಕಬ್ಬಿನ ಗದ್ದೆಗೆ ಸೀಮಿತವಾದುದಲ್ಲ. ಗೋದಾಮುಗಳಲ್ಲಿ 50 ಕಿಲೋ ತೂಕದ ಸಕ್ಕರೆ ಚೀಲ ಹೊರುವ ಹಮಾಲರು, ಇಟ್ಟಿಗೆ ಭಟ್ಟಿಯವರು, ಬೆಲ್ಲದ ಗಾಣದ ಕೊಪ್ಪರಿಗೆಯ ಮುಂದೆ ನಿಲ್ಲುವವರು ಇದೇ ಸಾಲಿಗೆ ಸೇರುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ವಯಸ್ಕ ಪುರುಷನೊಬ್ಬ ಹೊರಬಹುದಾದ ಗರಿಷ್ಠ ಭಾರ 55 ಕಿಲೋ ಎಂದು ಶಿಫಾರಸು ಮಾಡಿತ್ತು. ಚೀಲದ ತೂಕ ಆ ಮಿತಿಯೊಳಗೇ ಇದ್ದರೂ ದಿನಕ್ಕೆ ಎಷ್ಟು ಚೀಲವೆಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಪೊಲೀಸ್ ಮತ್ತು ಸೇನಾ ಭರ್ತಿಗೆ ಸಿದ್ಧರಾಗುವ ಯುವಕರ ಸಂಖ್ಯೆ ಈ ಭಾಗದಲ್ಲಿ ದೊಡ್ಡದು. ನಾಗರಿಕ ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಗೆ ಪುರುಷರು 1,600 ಮೀಟರ್ ದೂರವನ್ನು ಆರೂವರೆ ನಿಮಿಷದಲ್ಲಿ ಓಡಬೇಕಾಗುತ್ತದೆ. ಪ್ರಕಟಣೆ ಹೊರಬಿದ್ದ ಮೇಲೆ ಮೂರು ನಾಲ್ಕು ವಾರಗಳಲ್ಲಿ ಇದನ್ನು ಸಾಧಿಸಲು ಹೊರಡುವವರಲ್ಲಿಯೇ ಸ್ನಾಯು ಒಡೆಯುವಿಕೆ, ಮೊಣಕಾಲಿನ ಕೆಳಗಿನ ಮೂಳೆಯ ಬಿರುಕು ಉಂಟಾಗುವ ಸಂಭವ ಹೆಚ್ಚು. ಯುಗಾದಿಯ ಸಮಯದಲ್ಲಿ ಶ್ರೀಶೈಲಕ್ಕೆ ಕಂಬಿ ಹೊತ್ತು ನಡೆದುಹೋಗುವ ಭಕ್ತರು ನಡುಬಿಸಿಲಿನಲ್ಲಿ ವಾರಗಟ್ಟಲೆ ಸಾಗುತ್ತಾರೆ. ದಾರಿಯುದ್ದಕ್ಕೂ ದಾಸೋಹ, ಮಜ್ಜಿಗೆಯ ವ್ಯವಸ್ಥೆ ಇರುವುದರಿಂದ ಅವರ ಸ್ಥಿತಿ ಕಟಾವುಗಾರರಿಗಿಂತ ಉತ್ತಮವೆಂದೇ ಹೇಳಬೇಕು. ಗರಡಿಮನೆಯ ಪೈಲ್ವಾನರಿಗೆ ಹೇಳಿಮಾಡಿಸಿದ ತಿನಿಸೆಂದು ಹೆಸರಾದ ಗೋಕಾಕದ ಕರದಂಟು ಶಕ್ತಿ ನೀಡುವುದು ನಿಜವಾದರೂ, ಬೆವರಿನಲ್ಲಿ ಹೋದ ನೀರು ಮತ್ತು ಉಪ್ಪಿಗೆ ಅದು ಬದಲಿಯಲ್ಲ.

ಎದೆನೋವಿನ ವಿಷಯದಲ್ಲಿ ಎಚ್ಚರ ಅಗತ್ಯ. ನಟ ಪುನೀತ್ ರಾಜಕುಮಾರ್ ಅವರು 2021ರ ಅಕ್ಟೋಬರ್ 29ರಂದು ನಿಧನರಾದ ನಂತರವೂ, 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಯ ವೇಳೆಯಲ್ಲಿಯೂ ವ್ಯಾಯಾಮವೇ ಅಪಾಯಕರವೆಂಬ ಭೀತಿ ಜನರಲ್ಲಿ ಹರಡಿತ್ತು. ನಿಯಮಿತ ಶ್ರಮ ಹೃದಯಕ್ಕೆ ಹಿತಕರ. ರೂಢಿಯಿಲ್ಲದ ದೇಹಕ್ಕೆ ಹಠಾತ್ತನೆ ಹೇರಿದ ಶ್ರಮ ಮಾತ್ರ ಅಡಗಿದ್ದ ಕಾಯಿಲೆಯನ್ನು ಹೊರತರಬಲ್ಲದು. ಶ್ರಮಪಟ್ಟಾಗ ಎದೆಯ ನಡುವೆ ಒತ್ತಿದಂತಾಗಿ, ವಿಶ್ರಮಿಸಿದರೆ ಕಡಿಮೆಯಾಗುವ ನೋವು, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಕಂಡುಬಂದಲ್ಲಿ ಗ್ಯಾಸ್ ಎಂದು ಸೋಡಾ ಕುಡಿದು ಕಾಯಬಾರದು. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಪರೀಕ್ಷೆ ಹಾಗೂ ಅಗತ್ಯವಿದ್ದವರಿಗೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತಿದೆ.

ವಿಶ್ರಾಂತಿಯ ಬೆಲೆಯನ್ನು ಯಾರು ಕೊಡಬೇಕು

ನೀರು, ನೆರಳು, ವಿಶ್ರಾಂತಿ ಎಂಬ ಮೂರು ಮಾತುಗಳನ್ನು ಎಲ್ಲ ಆರೋಗ್ಯ ಪ್ರಕಟಣೆಗಳೂ ಹೇಳುತ್ತವೆ. ಆದರೆ ಕೂಲಿಯು ಟನ್ನಿನ ಲೆಕ್ಕದಲ್ಲಿರುವಾಗ ಹತ್ತು ನಿಮಿಷದ ವಿಶ್ರಾಂತಿಯೂ ಕೂಲಿಕಾರನ ಕಿಸೆಯಿಂದಲೇ ಹೋಗುತ್ತದೆ. ಮುಂಗಡ ತೀರದೆ ಊರಿಗೆ ಮರಳುವಂತಿಲ್ಲದವನಿಗೆ ಆ ಹತ್ತು ನಿಮಿಷ ಸಾಲದ ಬಾಬ್ತು. ಆದುದರಿಂದ ಇದನ್ನು ಕೇವಲ ಅರಿವಿನ ಕೊರತೆಯೆಂದು ಪರಿಗಣಿಸುವುದು ಸರಿಯಲ್ಲ.

ಎಲ್ ಸಾಲ್ವಡಾರಿನಲ್ಲಿ 2014–15ರ ಹಂಗಾಮಿನಲ್ಲಿ ಒಂದು ಪ್ರಯೋಗ ನಡೆಯಿತು. ಕಟಾವುಗಾರರಿಗೆ ಬೆನ್ನಿಗೆ ಕಟ್ಟುವ ನೀರಿನ ಚೀಲ, ಹೊಲದಿಂದ ಹೊಲಕ್ಕೆ ಸಾಗಿಸಬಹುದಾದ ನೆರಳಿನ ಡೇರೆ, ನಿಗದಿತ ವಿರಾಮ ಮತ್ತು ಸುಧಾರಿತ ಕತ್ತಿಯನ್ನು ನೀಡಲಾಯಿತು. ಒಬ್ಬರ ದಿನದ ಕಟಾವು ಸರಾಸರಿ 5.1 ಟನ್ನಿನಿಂದ 7.3 ಟನ್ನಿಗೆ ಏರಿದ್ದು ಮಾತ್ರವಲ್ಲದೆ, ತಲೆಸುತ್ತು, ವಾಂತಿ ಮುಂತಾದ ದೂರುಗಳೂ ಕಡಿಮೆಯಾದವು. ಭಾಗವಹಿಸಿದವರು ಕಡಿಮೆ ಮಂದಿಯಾಗಿದ್ದು, ಹೆಚ್ಚಳದಲ್ಲಿ ಹೊಸ ಕತ್ತಿಯ ಪಾಲೆಷ್ಟು, ವಿರಾಮದ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳುವುದು ಕಷ್ಟ. ಆದರೂ ವಿರಾಮ ಕೊಟ್ಟರೆ ಕಬ್ಬು ಬರುವುದಿಲ್ಲವೆಂಬ ಆತಂಕಕ್ಕೆ ಇದು ಸಾಕಷ್ಟು ಉತ್ತರ ನೀಡುತ್ತದೆ.

ಕಾನೂನಿನ ಸ್ಥಿತಿಯೂ ಇತ್ತೀಚೆಗೆ ಬದಲಾಗಿದೆ. ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆ, 2020ನ್ನು ಕೇಂದ್ರ ಸರ್ಕಾರವು 2025ರ ನವೆಂಬರ್ 21ರಿಂದ ಜಾರಿಗೆ ತಂದಿದೆ. 40 ವರ್ಷ ಮೀರಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಅವಕಾಶವನ್ನು ಇದರಡಿ ಕಲ್ಪಿಸಲಾಗಿದೆ. ಸಂಹಿತೆಯು ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಕಟಾವು ತಂಡದಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿ ಇರುವುದು ಹೌದಾದರೂ ಅವರ ಮಾಲೀಕರು ಯಾರು? ಹೊಲ ರೈತನದು, ಕಟಾವಿನ ಸರದಿ ಕಾರ್ಖಾನೆಯದು, ಮುಂಗಡ ಮುಕಾದಮನದು. ಈ ಮೂವರಲ್ಲಿ ಹೊಣೆ ಯಾರ ಮೇಲೆ ನಿಲ್ಲುತ್ತದೆ ಎಂಬುದು ಸ್ಪಷ್ಟವಾಗದ ಹೊರತು ತಪಾಸಣೆಯ ಹಕ್ಕು ಗದ್ದೆಯವರೆಗೆ ತಲುಪಲಾರದು. ಕಟಾವಿನ ಸರದಿಯನ್ನು ನಿರ್ಧರಿಸುವವರೇ ನೀರು ಮತ್ತು ನೆರಳಿನ ವ್ಯವಸ್ಥೆಯನ್ನೂ ಮಾಡುವುದು ಪ್ರಾಯೋಗಿಕವೆಂದು ತೋರುತ್ತದೆ. ಜೊತೆಗೆ, ಕಟಾವುಗಾರರಲ್ಲಿ 40 ದಾಟದವರು ಬಹಳ ಮಂದಿ ಇರುವುದನ್ನೂ, ಮೇಲೆ ಹೇಳಿದ ಮೂತ್ರಪಿಂಡ ರೋಗವು ಅದಕ್ಕಿಂತ ಚಿಕ್ಕ ವಯಸ್ಸಿನಲ್ಲಿಯೇ ತೊಡಗುವುದನ್ನೂ ಗಮನಿಸಬೇಕು.

ರಾಜ್ಯದ ಗೃಹ ಆರೋಗ್ಯ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಗೊಂಡು ಮುಂದೆ ಇತರ ಜಿಲ್ಲೆಗಳಿಗೂ ವಿಸ್ತರಣೆಯಾಯಿತು. ಮನೆ ಬಾಗಿಲಿಗೆ ಬಂದು ರಕ್ತದೊತ್ತಡ, ಮಧುಮೇಹ ಮುಂತಾದವನ್ನು ತಪಾಸಿಸುವ ಈ ವ್ಯವಸ್ಥೆ ಸ್ವಾಗತಾರ್ಹ. ಆದರೆ ಬೆಳಗಿನ ಜಾವಕ್ಕೇ ಹೊಲಕ್ಕೆ ಹೋದವರು ಹಗಲಿನಲ್ಲಿ ಮನೆಯಲ್ಲಿ ಸಿಗುವುದಿಲ್ಲ, ವಲಸೆ ಬಂದವರಿಗೆ ಮನೆಯೇ ಇಲ್ಲ. ಹಂಗಾಮಿನ ತಿಂಗಳುಗಳಲ್ಲಿ ತಪಾಸಣಾ ತಂಡಗಳು ಸಂಜೆಯ ವೇಳೆ ಗುಡಿಸಲುಗಳ ಕಡೆಗೆ ಅಥವಾ ಕಾರ್ಖಾನೆಯ ತೂಕದ ಕಟ್ಟೆಯ ಬಳಿಗೆ ಹೋಗುವುದಾದರೆ ತಲುಪಬೇಕಾದವರನ್ನು ತಲುಪಬಹುದು.

ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳು ಹಾಗೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿ ಇದೆ. ಫ್ಯಾನಿನ ಕೆಳಗೆ ಕುಳಿತವರಿಗೆ ಅನ್ವಯಿಸುವ ಈ ವಿವೇಕವನ್ನು ಕುಡುಗೋಲು ಹಿಡಿದವರಿಗೂ ಅನ್ವಯಿಸಲು ಅಡ್ಡಿಯಿರಬಾರದು. ಫೆಬ್ರವರಿ ಮಧ್ಯದಿಂದ ಹಂಗಾಮು ಮುಗಿಯುವವರೆಗೆ ಮಧ್ಯಾಹ್ನ 12ರಿಂದ 3.30ರವರೆಗೆ ಕಟಾವನ್ನು ನಿಲ್ಲಿಸಿ, ವಾಹನಗಳ ಸರದಿಯನ್ನು ಅದಕ್ಕೆ ತಕ್ಕಂತೆ ಹೊಂದಿಸುವುದು ಕಾರ್ಖಾನೆಗಳ ಕೈಯಲ್ಲಿಯೇ ಇದೆ. ಕಟಾವು ಯಂತ್ರಗಳು ಬಂದರೆ ಸಮಸ್ಯೆ ತಾನಾಗಿ ಕಳೆಯುವುದೆಂಬ ವಾದವೂ ಇದೆ. ಸಾಲುಗಳ ಅಂತರ ಕಿರಿದಾದ, ತುಂಡು ಹಿಡುವಳಿಯ ಗದ್ದೆಗಳಲ್ಲಿ ಯಂತ್ರ ತಿರುಗುವುದು ಸುಲಭವಲ್ಲದ್ದರಿಂದ ಕೈಕಟಾವು ಇನ್ನೂ ಅನೇಕ ವರ್ಷ ಉಳಿಯುವುದು ಖಚಿತ.

ಕಟಾವು ತಂಡಗಳ ಗಮನಕ್ಕೆ

ಹಂಗಾಮಿನ ಮೊದಲ ವಾರ, ಹಾಗೂ ಕಾಯಿಲೆ ಬಿದ್ದು ಮರಳಿದ ವಾರ, ಪೂರ್ಣ ದಿನದ ಕೆಲಸಕ್ಕೆ ಇಳಿಯಬಾರದು. ದೇಹ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ಉಷ್ಣಾಘಾತದ ಸಾವುಗಳಲ್ಲಿ ಬಹಳಷ್ಟು ಕೆಲಸ ಆರಂಭಿಸಿದ ಮೊದಲ ಕೆಲವೇ ದಿನಗಳಲ್ಲಿ ಸಂಭವಿಸುತ್ತವೆ. ಬಾಯಾರುವವರೆಗೆ ಕಾಯದೆ ಪ್ರತಿ 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯತಕ್ಕದ್ದು. ಗಂಟೆಗಟ್ಟಲೆ ಬೆವರು ಹರಿದಾಗ ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದ ಉಪ್ಪಿನಂಶ ಇಳಿದು ಅದೂ ಅಪಾಯಕ್ಕೆ ದಾರಿಯಾಗುತ್ತದೆ. ಆದ್ದರಿಂದ ಊಟವನ್ನು ಬಿಡದೆ, ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓ.ಆರ್.ಎಸ್. ದ್ರಾವಣ ಸೇವಿಸಬೇಕು. ಓ.ಆರ್.ಎಸ್. ಪೊಟ್ಟಣ ಸಿಗದಿದ್ದಲ್ಲಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಬೆರೆಸಿಕೊಳ್ಳಬಹುದು. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳಿ ನಡೆಯಬೇಕು.

ತಂಡದಲ್ಲಿ ಇಬ್ಬಿಬ್ಬರು ಒಬ್ಬರನ್ನೊಬ್ಬರು ಗಮನಿಸುತ್ತಿರುವುದು ಉತ್ತಮ, ಏಕೆಂದರೆ ಉಷ್ಣಾಘಾತಕ್ಕೆ ಒಳಗಾಗುತ್ತಿರುವವನಿಗೆ ತನ್ನ ಸ್ಥಿತಿ ತಿಳಿಯುವುದಿಲ್ಲ. ಕಾಲುವೆ ಮತ್ತು ಹಳ್ಳದ ನೀರನ್ನು ನೇರವಾಗಿ ಕುಡಿಯಬಾರದು. ಆಸ್ಪತ್ರೆಗೆ ಬಂದಾಗ ತಾವು ಮಾಡುವ ಕೆಲಸ, ದಿನಕ್ಕೆ ಎಷ್ಟು ಗಂಟೆ, ನುಂಗುತ್ತಿರುವ ನೋವಿನ ಮಾತ್ರೆಯ ಹೆಸರು ಅಥವಾ ಅದರ ಖಾಲಿ ಹಾಳೆ, ಮೂತ್ರದ ಬಣ್ಣ ಈ ವಿವರಗಳನ್ನು ವೈದ್ಯರು ಕೇಳದಿದ್ದರೂ ತಿಳಿಸತಕ್ಕದ್ದು. ಗದ್ದೆಗೆ ದಾರಿ ತಿಳಿಯದೆ ಆಂಬ್ಯುಲೆನ್ಸ್ ತಡವಾಗುವ ಸಂಭವವಿರುವುದರಿಂದ, 108ಕ್ಕೆ ಕರೆ ಮಾಡುವವರು ಊರು, ಹತ್ತಿರದ ಕಾಲುವೆ ಸೇತುವೆ ಅಥವಾ ಗುಡಿಯ ಗುರುತು ಹೇಳಿ, ತಂಡದ ಒಬ್ಬರನ್ನು ಡಾಂಬರು ರಸ್ತೆಯ ಬಳಿ ನಿಲ್ಲಿಸುವುದು.